ನಕ್ಷೆಯಲ್ಲಿಲ್ಲದ ಅತ್ತಿ ಮರ

ನನ್ನ ತಂಗಿಯ ಮಗಳನ್ನು ಮನೆಯವರೆಲ್ಲ ಟೇಪು ಎಂದು ಕರೆಯುತ್ತೇವೆ. ಚಿಕ್ಕವಳಿದ್ದಾಗ ಅಳತೆಯ ಟೇಪೊಂದು ಅವಳ ಕೈಗೆ ಸಿಕ್ಕಿ, ಬಾಗಿಲು, ಬೆಕ್ಕು, ಮಲಗಿದ್ದ ಅಪ್ಪನ ಮೀಸೆ, ಏನನ್ನೂ ಬಿಡದೆ ಅಳೆದಿದ್ದಳು. ಮುಂದೆ ಅವಳು ವಿಶ್ವವಿದ್ಯಾಲಯದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದುತ್ತೇನೆಂದಾಗ, ಅದು ಕಟ್ಟಡದ ಹೊರಗಿನ ನೆಲ, ನೀರು, ಮರ, ದಾರಿಗಳನ್ನು ಯೋಜಿಸುವ ವಿದ್ಯೆ ಎಂದು ಅವಳಪ್ಪನಿಗೆ ನಾನೇ ವಿವರಿಸಬೇಕಾಯಿತು. ಆತ ಬಸ್ ಕಂಡಕ್ಟರ್.

"ಹುಲ್ಲು ಬೆಳೆಸೋಕೆ ಐದು ವರ್ಷ ಓದಬೇಕಾ ಅಕ್ಕ? ನಾನು ಗಡ್ಡ ಓದದೇನೇ ಬೆಳೆಸಿದೀನಿ," ಎಂದ. ಆದರೂ ಸೇರಿಸಿದ.

ಅವಳು ಮೂರನೇ ವರ್ಷದಲ್ಲಿದ್ದಾಗ ಆತನ ಮೂತ್ರಪಿಂಡಗಳು ಕೈಕೊಟ್ಟವು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಜೊತೆಗೆ ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ. ವಾರ್ಡಿನ ಹಿಂದೆ ಒಂದು ಅಂಗಳ, ಅದರ ಒಂದು ಮೂಲೆಯಲ್ಲಿ ಸೊಟ್ಟಗೆ ಬೆಳೆದ ಹಳೆಯ ಅತ್ತಿ ಮರ. ಬೆಂಚಿಲ್ಲದ ಆ ಜಾಗದಲ್ಲಿ ಜನ ಮರದ ಬೇರುಗಳ ಮೇಲೆ ಕೂರುತ್ತಿದ್ದರು. ಎಷ್ಟೋ ತಿಂಗಳಿಂದ ಬರುತ್ತಿದ್ದವರಿಗೆ ಅವರವರ ಬೇರು ಗೊತ್ತಾಗಿಹೋಗಿತ್ತು. "ಇದು ನಮ್ಮ ಬೇರು ಕಣ್ರೀ, ನಿಮ್ಮದು ಆಚೆ ಇದೆ," ಎಂದು ಅಲ್ಲಿಗೇ ಬರುತ್ತಿದ್ದ ಇನ್ನೊಬ್ಬ ರೋಗಿ, ಲಾರಿ ಡ್ರೈವರನ ಹೆಂಡತಿ ನನ್ನನ್ನು ಎಬ್ಬಿಸಿದ್ದುಂಟು. ಹೊರಗೆ ಬಂದ ರೋಗಿಗಳಿಗೆ ತಲೆ ಸುತ್ತುತ್ತಿತ್ತು. ಟೇಪುವಿನ ಅಪ್ಪ ಅದೇ ನೆರಳಲ್ಲಿ ಕಾಂಡಕ್ಕೊರಗಿ ಕೂತು, ಕಾಲಿಗೆ ಬಲ ಬಂದ ಮೇಲೆ ಮನೆಗೆ ಹೊರಡುತ್ತಿದ್ದ.

ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಇದೇ ಅಂಗಳವನ್ನು ವಿನ್ಯಾಸಕ್ಕೆ ಕೊಟ್ಟರು. ಮೊದಲ ಸ್ಥಾನ ಪಡೆದ ವಿನ್ಯಾಸವನ್ನು ವಿಶ್ವವಿದ್ಯಾಲಯ ನಿಜವಾಗಿ ಕಟ್ಟಿಸುವುದು, ಅದನ್ನು ಬರೆದವರಿಗೆ ಅವರಿಗೆ ವಿನ್ಯಾಸ ಕಲಿಸುತ್ತಿದ್ದ ಪ್ರೊಫೆಸರರ ಖಾಸಗಿ ಆಫೀಸಿನಲ್ಲಿ ಕೆಲಸ. ಅಪ್ಪ ಕೆಲಸ ಬಿಟ್ಟು ಕೂತಿದ್ದ ಮನೆಗೆ ಆ ಕೆಲಸ ಬೇಕಿತ್ತು.

ಈ ವಿದ್ಯಾರ್ಥಿಗಳು ನಕ್ಷೆ ಬರೆಯುವ ಸ್ಟುಡಿಯೋವನ್ನು ನಾನು ನೋಡಿದ್ದೇನೆ. ಉದ್ದುದ್ದ ಮೇಜುಗಳು, ಅಂಟಿನ ವಾಸನೆ, ಸ್ಪಂಜು ಕತ್ತರಿಸಿ ಮಾಡಿದ ಬೆರಳುದ್ದದ ಮರಗಳು. ಹಾಳೆಯ ಮೇಲೆ ಪ್ರತಿ ಮರವೂ ಒಂದು ಹಸಿರು ವೃತ್ತ, ಮಗ್ಗುಲಲ್ಲಿ ಬೂದು ಬಣ್ಣದ ನೆರಳು. ಆ ವೃತ್ತವನ್ನು ಇವತ್ತು ನೆಡುವ ಸಸಿಯ ಅಳತೆಗೆ ಬರೆಯುವುದಿಲ್ಲ, ಇಪ್ಪತ್ತು ವರ್ಷದ ನಂತರದ ಮರದ ಅಳತೆಗೆ ಬರೆಯುತ್ತಾರೆ. ಅದು ಆ ವೃತ್ತಿಯ ರೂಢಿ, ಮೋಸವಲ್ಲ. ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳಿಗೆ ಇದು ವಿಚಿತ್ರವೆನಿಸುತ್ತದೆ. ಕೊನೆಯ ವರ್ಷದ ಹೊತ್ತಿಗೆ ಹಾಳೆಯಲ್ಲಿ ಬಿದ್ದ ನೆರಳು ನೆಲದಲ್ಲೂ ಬಿತ್ತೆಂದೇ ನಂಬಿರುತ್ತಾರೆ.

ಟೇಪುವಿನ ಮೊದಲ ನಕ್ಷೆಯಲ್ಲಿ ಅತ್ತಿ ಮರ ಇತ್ತು. ಪ್ರೊಫೆಸರು ಅದರ ಮೇಲೆ ಪೆನ್ಸಿಲಿನಿಂದ ತಟ್ಟಿದರು.

"ಇದೊಂದು ಮೂಲೆಲಿ ಕಲೆ ಬಿದ್ದ ಹಾಗಿದೆಯಲ್ಲಮ್ಮ. ತೆಗೆದು ನೋಡು."

"ಸರ್, ಅದರ ಕೆಳಗೆ ಜನ ಕೂರ್ತಾರೆ."

"ನಿನ್ನ ಹೊಸ ಮರಗಳ ಕೆಳಗೆ ಕೂರಲ್ವಾ? ಅಷ್ಟೂ ನಂಬಿಕೆ ಇಲ್ದಿದ್ರೆ ಯಾಕೆ ಬರೀತೀಯ?"

ಅವಳು ತೆಗೆದಳು. ವಿನ್ಯಾಸದಿಂದ ಮಾತ್ರವಲ್ಲ, ಇರುವುದನ್ನು ಇದ್ದ ಹಾಗೆ ತೋರಿಸಬೇಕಾದ ಸರ್ವೆ ನಕ್ಷೆಯಿಂದಲೂ ತೆಗೆದಳು. ಅಲ್ಲಿ ಉಳಿದಿದ್ದರೆ, ದೊಡ್ಡ ಮರ ಯಾಕೆ ಕಡಿಸುತ್ತೀಯ ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳುತ್ತಿದ್ದರು. ಕಟ್ಟುವ ಮೊದಲು ಯಾರಾದರೂ ಮತ್ತೊಮ್ಮೆ ಅಳೆದೇ ಅಳೆಯುತ್ತಾರೆ, ಆಗ ಮರ ತಾನಾಗಿ ವಾಪಸು ಬರುತ್ತದೆ ಎಂಬುದು ಅವಳ ಲೆಕ್ಕಾಚಾರ. ಬೆಕ್ಕನ್ನೂ ಬಿಡದೆ ಅಳೆದಿದ್ದ ಹುಡುಗಿಗೆ, ಬೇರೆಯವರು ಅಷ್ಟು ಅಳೆಯುವುದಿಲ್ಲವೆಂಬುದು ಹೊಳೆಯಲಿಲ್ಲ. ಎರಡು ಸಾಲು ಹೊಸ ಮರ, ಬಿಳಿ ಕಲ್ಲಿನ ಬೆಂಚು, ನಡುವೆ ಹುಲ್ಲು. ಪರೀಕ್ಷಕರು ಹೊಗಳಿದರು. ಅವಳೇ ಮೊದಲು ಬಂದಳು.

ಮರುವರ್ಷ ಅಂಗಳ ಕಟ್ಟುವ ಕೆಲಸ ಶುರುವಾಯಿತು. ನನ್ನ ತಂಗಿ ಎಂದಿನಂತೆ ಗಂಡನನ್ನು ಒಳಗೆ ಬಿಟ್ಟು ಅಂಗಳಕ್ಕೆ ಬಂದಾಗ ಅತ್ತಿಯ ಕೊಂಬೆಗಳು ಟ್ರ್ಯಾಕ್ಟರಿನಲ್ಲಿದ್ದವು. ಕೆಲಸದ ಮೇಲ್ವಿಚಾರಕನನ್ನು ಅವಳು ತರಾಟೆಗೆ ತೆಗೆದುಕೊಂಡಳು. ಆತ ತಾಳ್ಮೆಯಿಂದಲೇ ಹಾಳೆ ಬಿಚ್ಚಿ ತೋರಿಸಿದ.

"ನೋಡಿಮ್ಮ, ನಕ್ಷೆಲಿ ಮರಾನೇ ಇಲ್ಲ. ಇಲ್ದೇ ಇರೋ ಮರ ಕಡಿಯೋಕೆ ನಾನು ಯಾರ ಪರ್ಮಿಷನ್ ಕೇಳ್ಲಿ?"

ಹಾಳೆಯ ಕೆಳತುದಿಯಲ್ಲಿ ಮಗಳ ಹೆಸರಿತ್ತು.

ಅವತ್ತು ಸಂಜೆ ನಾನು ಅವರ ಮನೆಯಲ್ಲಿದ್ದೆ. ತಂಗಿ ಕೂಗಾಡಲಿಲ್ಲ.

"ಅಲ್ಲೊಂದು ಮರ ಇತ್ತು. ನೀನು ನೋಡಿದ್ದೆಯಾ?"

"ಅಮ್ಮ, ಹೊಸವು ಎಂಟು ಬರ್ತವೆ."

"ಎಲ್ಲಿವರೆಗೆ ಬಂದಿವೆ?"

"ಬೆಳೆಯೋಕೆ ಟೈಮ್ ಬೇಕಲ್ವಾ."

"ಸರಿ. ನಿಮ್ಮಪ್ಪಂಗೆ ಹೇಳು, ಅಲ್ಲಿವರೆಗೆ ಕಾದಿರು ಅಂತ."

ಮಂಚದ ಮೇಲಿದ್ದ ಕಂಡಕ್ಟರ್ ಕಣ್ಣು ಬಿಟ್ಟ. "ನಾನು ಮುಂದಿನ ಸ್ಟಾಪಲ್ಲಿ ಇಳಿಯೋನು. ನನ್ನ ಸೀಟಿಗೆ ಯಾಕೆ ಜಗಳ?"

ಯಾರೂ ನಗಲಿಲ್ಲ. ಅವನು ನಗಿಸಲು ಹೇಳಿದ್ದೇ ಹೊರತು ಚುಚ್ಚಲು ಅಲ್ಲ, ಆದರೆ ಟೇಪು ಎದ್ದು ಒಳಗೆ ಹೋದಳು.

ಎಂಟು ಸಸಿಗಳನ್ನು ನೆಟ್ಟರು. ಬಿದಿರಿನ ಕೋಲಿಗೆ ಕಟ್ಟಿದ ಅವುಗಳ ನೆರಳಿಗಿಂತ ಕೋಲಿನ ನೆರಳೇ ದಪ್ಪವಿತ್ತು. ಬಿಳಿ ಕಲ್ಲಿನ ಬೆಂಚು ಮಧ್ಯಾಹ್ನಕ್ಕೆ ಕಾದ ಹೆಂಚು. ತಂಗಿ ಅದರ ಮೇಲೆ ದುಪ್ಪಟಿ ಮಡಚಿ ಹಾಸಿ, ಗಂಡನನ್ನು ಕೂರಿಸಿ, ಕೊಡೆ ಹಿಡಿದು ನಿಲ್ಲುತ್ತಿದ್ದಳು. ಲಾರಿ ಡ್ರೈವರನ ಹೆಂಡತಿ ಜನರೇಟರ್ ಕೋಣೆಯ ಗೋಡೆಗೆ ಒರಗಿ, ಡೀಸೆಲ್ ವಾಸನೆಯಲ್ಲಿ ಕೂತಳು. ಉದ್ಘಾಟನೆಯ ದಿನ ಪ್ರೊಫೆಸರು, ಇನ್ನಿಪ್ಪತ್ತು ವರ್ಷಕ್ಕೆ ಈ ಅಂಗಳ ನೋಡಿ, ಎಂದು ಭಾಷಣ ಮಾಡಿದರು. ಕೇಳುತ್ತಿದ್ದ ರೋಗಿಗಳು ಟವೆಲಿನಿಂದ ತಲೆ ಮುಚ್ಚಿಕೊಂಡರು.

ಕಂಡಕ್ಟರ್ ಮರುಬೇಸಿಗೆಯಲ್ಲಿ ತೀರಿಕೊಂಡ. ನೆರಳಿಲ್ಲದೆ ಸತ್ತನೆಂದು ನಾನು ಹೇಳುವುದಿಲ್ಲ. ರೋಗದಿಂದ ಸತ್ತ. ಕಡೆಯ ವರ್ಷವೆಲ್ಲ ಬಿಸಿಲಲ್ಲಿ ಕೂತ ಎಂಬುದೂ ಅಷ್ಟೇ ನಿಜ.

ಇಷ್ಟು ವರ್ಷ ಕಳೆದರೂ ಟೇಪು ಈಗಲೂ ಪ್ರೊಫೆಸರರ ಆಫೀಸಿನಲ್ಲಿದ್ದಾಳೆ. ಅಲ್ಲಿ ಯಾರೇ ನಕ್ಷೆ ಬರೆದರೂ ಮರ ಬರೆಯುವುದು ಅವಳೇ, ಕೈ ಅಷ್ಟು ಚೆನ್ನಾಗಿದೆಯಂತೆ. ಗೋಡೆಯ ಮೇಲೆ ಆ ಅಂಗಳಕ್ಕೆ ಚೌಕಟ್ಟು ಹಾಕಿಸಿದ್ದಾರೆ. ಫೋಟೋ ಅಲ್ಲ, ನಕ್ಷೆ.

ಹೋದ ತಿಂಗಳು ಕಣ್ಣು ತೋರಿಸಲು ನಾನು ಆ ಆಸ್ಪತ್ರೆಗೆ ಹೋಗಿದ್ದೆ. ಸಂಜೆ ತಂಗಿಯ ಮನೆಯಲ್ಲಿ ಅದನ್ನು ಹೇಳಿದೆ. ತಂಗಿ ಹುರುಳಿಕಾಯಿ ಮುರಿಯುತ್ತಿದ್ದಳು.

"ದೊಡ್ಡಮ್ಮ, ಮರಗಳು ಹೇಗಿವೆ?" ಟೇಪು ಕೇಳಿದಳು.

"ಆರು ಬದುಕಿವೆ. ಚೆನ್ನಾಗೇ ಬಂದಿವೆ."

"ನೆರಳು?"

"ಬೀಳ್ತಿದೆ. ಕೂತವರು ಯಾರೂ ಇಲ್ಲ. ಡಯಾಲಿಸಿಸ್ ವಾರ್ಡನ್ನ ಹೊಸ ಕಟ್ಟಡಕ್ಕೆ ಸಾಗಿಸಿದಾರೆ."

ತಂಗಿ ತಲೆಯೆತ್ತದೆ ಕೇಳಿದಳು. "ಆ ಹೊಸ ಕಟ್ಟಡದ ಅಂಗಳ ಯಾರು ಬರೆದ್ರಂತೆ?"

"ನಮ್ಮ ಆಫೀಸೇ," ಎಂದಳು ಟೇಪು.

"ಮೊದಲು ಅಲ್ಲಿ ಏನಿತ್ತು?"

ಟೇಪು ಒಂದು ಹಿಡಿ ಹುರುಳಿಕಾಯಿ ತನ್ನ ಕಡೆಗೆ ಎಳೆದುಕೊಂಡು ಮುರಿಯತೊಡಗಿದಳು.