ವಿಡಿಯೋ ಕೇಳಿದ ಡ್ರಿಲ್ ಮೇಷ್ಟ್ರು

ಕೊರೊನಾ ಬಂದು ಶಾಲೆ ಮುಚ್ಚಿದಾಗ ನಾನು ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಮನೆ ಚಾಮರಾಜನಗರದಲ್ಲಿ. ಉಳಿದ ಮೇಷ್ಟ್ರುಗಳು ಫೋನಿನಲ್ಲೇ ಪಾಠ ಶುರುಮಾಡಿದ್ದರು. ನಾನೂ ಹಜಾರದಲ್ಲಿ ಹಗ್ಗ ಹಾರಿ, ಹೆಂಡತಿಯ ಕೈಲಿ ವಿಡಿಯೋ ತೆಗೆಸಿ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ‘ನೀವೂ ಹೀಗೆ ಮಾಡಿ, ವಿಡಿಯೋ ತೆಗೆದು ನನ್ನ ನಂಬರಿಗೆ ಕಳಿಸಿ’ ಎಂದು ಕೆಳಗೆ ಬರೆದೆ.

ಮಾರನೆಯ ಬೆಳಿಗ್ಗೆ ಫೋನ್ ಬಂತು. ನಮ್ಮ ಖೋಖೋ ತಂಡದ ಹುಡುಗಿಯೊಬ್ಬಳ ಅಪ್ಪ. ಮಾರುಕಟ್ಟೆಯಲ್ಲಿ ಲಾರಿಗಳಿಗೆ ಈರುಳ್ಳಿ ಮೂಟೆ ತುಂಬುವವನು.

“ಸಾ, ನನ್ ಮಗ್ಳು ಎಗರಾಡದ್ನ ನೀವ್ಯಾಕ್ ನೋಡ್ಬೇಕು?”

“ಅದೇ ನನ್ನ ಪಾಠ ಕಣಪ್ಪ. ಸರಿಯಾಗಿ ಮಾಡ್ತಾಳೋ ಇಲ್ವೋ ನೋಡ್ಬೇಡ್ವಾ?”

“ಲೆಕ್ಕದ್ ಮೇಷ್ಟ್ರು ಲೆಕ್ಕ ಕೇಳ್ತಾರೆ. ನೀವು ವಿಡಿಯೋ ಕೇಳ್ತೀರಿ. ಅದು ಎಲ್ಲೆಲ್ಲಿಗ್ ಓಯ್ತದೋ ಯಾರ್ ಕಂಡವ್ರು?”

ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟ. ಮೈಯೆಲ್ಲ ಉರಿದುಹೋಯಿತು. ಲೆಕ್ಕದ ಮೇಷ್ಟ್ರ ಹೆಸರು ಯಾಕೆ ಬಂತು? ಅವರೇ ಚಾಡಿ ಹೇಳಿರಬೇಕು ಎಂದುಕೊಂಡೆ. ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಎಲ್ಲಿ, ಯಾರ್ಯಾರು ಕಳ್ಸಿದಾರೆ ತೋರ್ಸಿ ನೋಡನ,” ಎಂದು ಕೈ ಚಾಚಿದಳು.

“ನಿನಗೂ ಅನುಮಾನವಾ?”

ಅವಳು ಒಂದೊಂದೇ ವಿಡಿಯೋ ನೋಡಿ ಫೋನ್ ವಾಪಸ್ ಕೊಟ್ಟು, “ನಮ್ಗೊಬ್ಳು ಮಗ್ಳಿದ್ದಿದ್ರೆ ನೀವೇ ಮೊದ್ಲು ಫೋನ್ ಮಾಡ್ತಿದ್ರಿ,” ಅಂದಳು.

ಬಂದಿದ್ದ ವಿಡಿಯೋಗಳನ್ನೆಲ್ಲ ಅಳಿಸಿದೆ. ಇನ್ನು ಮೇಲೆ ವಿಡಿಯೋ ಬೇಡ, ಮನೆಯ ಹಿರಿಯರ ಮುಂದೆ ವ್ಯಾಯಾಮ ಮಾಡಿ, ಮಾಡಿದ್ದನ್ನು ಅವರೇ ಧ್ವನಿ ಸಂದೇಶದಲ್ಲಿ ತಿಳಿಸಲಿ ಎಂದು ಬರೆದೆ. ಆಮೇಲೆ ಅನುಮಾನಪಡುವ ಸರದಿ ನನ್ನದಾಯಿತು. “ಚೆಂದಾಗ್ ಎಗರುದ್ಲು ಕಣಪ್ಪಾ” ಎನ್ನುವ ಅಜ್ಜಿಯ ದನಿ ನಿಜವಾಗಿಯೂ ಅಜ್ಜಿಯದೇ? ಹಿಂದೆ ಯಾರೋ ಕಿಸಕ್ಕನೆ ನಕ್ಕಂತಿತ್ತಲ್ಲ? ಒಂದೇ ಸಂದೇಶವನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಈರುಳ್ಳಿ ಮಾರುಕಟ್ಟೆಯ ಆ ಅಪ್ಪನಿಂದ ಬರುತ್ತಿದ್ದದ್ದು ಒಂದೇ ಪದ: “ಮಾಡುದ್ಲು.” ನನ್ನ ಬಾಯಿ ಮುಚ್ಚಿಸಲು ಹಾಗೆ ಹೇಳುತ್ತಾನೆ, ಹುಡುಗಿಯನ್ನು ಅಡುಗೆಮನೆಗೆ ಹಚ್ಚಿದ್ದಾನೆ ಎಂದೇ ನಂಬಿದ್ದೆ.

ಲಾಕ್‌ಡೌನ್ ಸಡಿಲವಾಗಿ ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ, ಮಕ್ಕಳಿಗೆ ಪಠ್ಯಪುಸ್ತಕ ತಲುಪಿಸುವ ಕೆಲಸದ ಮೇಲೆ ಅವನ ಬೀದಿಗೆ ಹೋದೆ. ಬಾಗಿಲಲ್ಲೇ ನಿಂತಿದ್ದ. ಒಳಗೆ ಬನ್ನಿ ಅನ್ನಲಿಲ್ಲ.

“ಮಾಡ್ತಾಳೋ ಇಲ್ವೋ ಅಂತ ನೋಡಕ್ಕ್ ಬಂದ್ರಾ?”

“ಪುಸ್ತಕ ಕೊಡೋಕೆ ಬಂದೆ.”

ಅವನು ನಂಬಲಿಲ್ಲ, ನನ್ನ ಮಾತು ನಂಬುವಂತೆಯೂ ಇರಲಿಲ್ಲ. ಒಳಕ್ಕೆ ತಿರುಗಿ ಕೂಗಿದ: “ಬಾ ಕಣಮ್ಮಿ, ನಿಮ್ ಮೇಷ್ಟ್ರುಗೆ ಒಂದ್ಸಲ ತೋರ್ಸ್ಬುಡು!”

ಹುಡುಗಿ ಬಂದಳು. ಕೈಯಲ್ಲಿ ಲಾರಿಯ ಲೋಡು ಬಿಗಿಯುವ ಹಗ್ಗದ ತುಂಡು; ಅಂಗೈ ನೋಯದಿರಲೆಂದು ತುದಿಗಳಿಗೆ ಬಟ್ಟೆ ಸುತ್ತಿತ್ತು. ಅವಳು ಅಂಗಳದಲ್ಲಿ ಹಾರತೊಡಗಿದಳು. ಮೊದಲಿಗಿಂತ ಹಗುರವಾಗಿ, ಉಸಿರು ಕೆಡದಂತೆ. ಅಪ್ಪ ಅವಳನ್ನು ನೋಡುತ್ತಿರಲಿಲ್ಲ. ನನ್ನ ಕಣ್ಣನ್ನೇ ನೋಡುತ್ತಿದ್ದ. ನಾನು ಅವಳ ಪಾದಗಳ ಮೇಲಿಂದ ದೃಷ್ಟಿ ಕದಲಿಸಲಿಲ್ಲ.

“ಚೆನ್ನಾಗಿ ಕಲಿಸಿದೀಯ,” ಅಂದೆ.

“ನಾನಾ? ನಿಮ್ ವಿಡಿಯೋ ನೋಡ್ ಕಲ್ತಳು,” ಅಂದ, ಮುಖ ಸಡಿಲಿಸದೆ.

ಶಾಲೆ ತೆರೆದ ವಾರ, ಆಟದ ಪೀರಿಯಡ್ಡಿನಲ್ಲಿ ಗೇಟಿನಾಚೆ ಅವನು ನಿಂತಿದ್ದ. ನಾನು ಕುರ್ಚಿ ತರಿಸಿ, ಒಳಗೆ ಬಂದು ಕೂರಲು ಹೇಳಿದೆ.

“ಬ್ಯಾಡ ಬುಡಿ ಸಾ,” ಅಂದ. “ಇಲ್ಲಿಂದ್ಲೇ ಚೆನ್ನಾಗ್ ಕಾಣ್ತದೆ.”