ಹಲಗೆಯಿಂದಾಚೆ ಬಿದ್ದ ದಾಳ

ಭಾನುವಾರ ಕಾಫಿ ಲೋಟ ತೊಳೆದಿಟ್ಟ ಕೂಡಲೇ ನಮ್ಮ ಮನೆಯಲ್ಲಿ ಆಟ ಶುರುವಾಗಬೇಕು. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದು ಹೋಗುವ ವೇಳೆ ನೋಡಿಕೊಂಡೇ ನಿವೃತ್ತನಾದವನು ನಾನು, ತಡವೆಂದರೆ ಆಗದು.

ಆಟ ತಂದವಳು ಚಾಮರಾಜನಗರದಲ್ಲಿ ಕಾಲೇಜು ಓದುವ ಮೊಮ್ಮಗಳು. ಅವಳು ಕಥೆ ಹೇಳುತ್ತಾಳೆ. ನಾನೂ ನನ್ನ ಹೆಂಡತಿಯೂ ಅದರೊಳಗಿನ ಪಾತ್ರಗಳು. ಪ್ರತಿ ಪಾತ್ರಕ್ಕೂ ಶಕ್ತಿ, ಚುರುಕು, ಬುದ್ಧಿ ಎಂದು ಅಂಕಗಳಿವೆ. ಕಷ್ಟ ಎದುರಾದರೆ ದಾಳ ಹಾಕಿ ಗೆಲ್ಲಬೇಕು. ಒಂದು ಘಟ್ಟ ಮುಗಿದಾಗ ಅಂಕ ಏರಿಸಿಕೊಳ್ಳಬಹುದು. ಆಟದ ಪುಸ್ತಕದ ಪ್ರಕಾರ ಯಾವುದನ್ನು ಬೇಕಾದರೂ. ನನಗದು ಸರಿಬರಲಿಲ್ಲ. ಬಳಸದ ಶಕ್ತಿ ಬೆಳೆಯುವುದು ಹೇಗೆ? ಆ ಘಟ್ಟದಲ್ಲಿ ಯಾವುದಕ್ಕಾಗಿ ದಾಳ ಹಾಕಿ ಗೆದ್ದಿದ್ದೇವೋ ಅದನ್ನು ಮಾತ್ರ ಏರಿಸಬೇಕೆಂದು ನಮ್ಮ ಮನೆಗೊಂದು ನಿಯಮ ಮಾಡಿದೆ. ಚೌಕಾಬಾರದಲ್ಲಿ ಕವಡೆ ಆಚೆ ಸಿಡಿದರೆ ನಮ್ಮವ್ವ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದನ್ನೂ ಸೇರಿಸಿದೆ: ದಾಳ ಹಾಕಲು ಇಟ್ಟ ಹಲಗೆಯಿಂದಾಚೆ ಅದು ಬಿದ್ದರೆ ಸೋಲು. ಅಜ್ಜಿ, ಮೊಮ್ಮಗಳು ಇಬ್ಬರೂ ನಕ್ಕು ಒಪ್ಪಿದರು.

ಆಮೇಲೆ ನನ್ನ ಹೆಂಡತಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಬಲಗೈ ಮರಳಲಿಲ್ಲ. ಗಡಿಯಾರ ನೋಡಿ ಮಾತ್ರೆ ಕೊಟ್ಟೆ, ಎಣ್ಣೆ ತಿಕ್ಕಿದೆ. ಹಿಸುಕಲೆಂದು ಆಸ್ಪತ್ರೆಯವರು ಕೊಟ್ಟ ಚೆಂಡನ್ನು ಅವಳು ಮುಟ್ಟಲೇ ಇಲ್ಲ. ದಾಳಕ್ಕೆ ಮಾತ್ರ ಆ ತೋಳನ್ನು ಚಾಚಿದಳು. ಅವಳ ಪಾತ್ರ ಕಾಡಿನ ಬಿಲ್ಲುಗಾರ್ತಿ. ಹೆಂಡತಿ ಏರಿಸಬೇಕೆಂದಿದ್ದುದು ಶಕ್ತಿಯ ಅಂಕ, ಅದೂ ಆ ಕೈಯಿಂದಲೇ.

ಕಳೆದ ಭಾನುವಾರ ಘಟ್ಟದ ಕೊನೆಯ ಸರದಿ. ಬಿಲ್ಲುಗಾರ್ತಿ ದಾರಿಗಡ್ಡ ಬಿದ್ದ ಮರ ಎತ್ತಬೇಕಿತ್ತು. ಇವಳು ಎಡಗೈಯಿಂದ ದಾಳವನ್ನು ಬಲ ಅಂಗೈಯಲ್ಲಿಟ್ಟು, ತೋಳೆತ್ತಿ ಕುಲುಕಿದಳು. ಬೆರಳು ಬಿಚ್ಚಲಿಲ್ಲ. ಮತ್ತೆ ಕುಲುಕಿದಳು. ದಾಳ ಜಾರಿ, ಹಲಗೆಯ ಅಂಚಿಗೆ ತಾಕಿ, ಮಂಚದ ಕೆಳಗೆ ಉರುಳಿತು.

“ಎಡಗೈಲಿ ಇನ್ನೊಂದ್ಸಲ ಆಕ್ಬುಡಜ್ಜಿ, ಯಾರು ಕೇಳ್ತಾರೆ?” ಎಂದಳು ಮೊಮ್ಮಗಳು.

“ನಿಮ್ತಾತ ಕೇಳ್ತಾರೆ ಕಣಮ್ಮಿ. ಬಸ್ಸು ಸ್ಟ್ಯಾಂಡ್ ದಾಟದ್ಮೇಲೆ ವಾಪಸ್ ಕರ್ದವ್ರಾ ಯಾವತ್ತಾದ್ರೂ?”

“ಆ ರೂಲ್ಸು ಇವತ್ತಿಂದ ಇಲ್ಲ, ತಗ್ದಾಕ್ಬುಟ್ಟೆ,” ಎಂದೆ.

“ಯಾಕೆ, ನನ್ ಕೈ ಬಿದ್ದೋಯ್ತು ಅಂತಾನಾ?” ಹೆಂಡತಿ ನನ್ನತ್ತ ತಿರುಗಿದಳು. “ಸುಮ್ನೆ ಕೊಟ್ಟ ಅಂಕ ನಂಗ್ಬ್ಯಾಡ ಕಣ್ರೀ.”

ಆ ಘಟ್ಟದಲ್ಲಿ ಅಜ್ಜಿ ಗೆದ್ದಿದ್ದ ಬುದ್ಧಿಗೆ ಮಾತ್ರ ಮೊಮ್ಮಗಳು ಒಂದು ಅಂಕ ಏರಿಸಿದಳು. ಶಕ್ತಿ ಇದ್ದಲ್ಲೇ ಇತ್ತು. ನಾನು ನೆಲಕ್ಕೆ ಮಲಗಿ, ಮಂಚದ ಕೆಳಗೆ ತಡಕಿ ದಾಳ ತೆಗೆದೆ.

“ಮುಂದಿನ ಘಟ್ಟ ಯಾವಾಗಮ್ಮಿ ಸುರು?” ಎಂದಳು ಹೆಂಡತಿ, ಹುಡುಗಿಯನ್ನು ರೇಗಿಸುವ ದನಿಯಲ್ಲಿ.

“ಈಗ್ಲೇ, ನೀನು ರೆಡಿಯಾದ್ರೆ,” ಎಂದಳು ಮೊಮ್ಮಗಳು.

ದಾಳವನ್ನು ಹೆಂಡತಿಯ ಬಲ ಅಂಗೈಯಲ್ಲಿಟ್ಟೆ. ಬೆರಳುಗಳನ್ನು ಮಡಿಸಲು ಹೋದೆ.

“ಮುಟ್ಬ್ಯಾಡಿ,” ಎಂದಳು.

ನನ್ನ ಕೈಗಳನ್ನು ತೊಡೆಯ ಕೆಳಗಿಟ್ಟು ಅದುಮಿಕೊಂಡು ಕೂತೆ. ಅವಳು ಕುಲುಕತೊಡಗಿದಳು.