ಅಣ್ಣನ ಕಿಡ್ನಿ, ನನ್ನ ಕಿಡ್ನಿ

ಆವತ್ತು ಅಣ್ಣನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಿತ್ರದುರ್ಗದ ಡಾಕ್ಟರಮ್ಮನ ಹತ್ತಿರ ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿದ್ದೆವು. ಸಕ್ಕರೆ ಕಾಯಿಲೆ ಅವನಿಗೆ ನನಗಿಂತ ಮೊದಲೇ ಬಂದದ್ದು. ಜಿಲೇಬಿ ಕಂಡರೆ ಬಿಡುವ ಆಸಾಮಿಯೂ ಅಲ್ಲ. ಅಂಥವನ ಕಿಡ್ನಿ ನೆಟ್ಟಗಿತ್ತು. ಬಾಯಿ ಕಟ್ಟಿಕೊಂಡು ಬದುಕಿದ ನನ್ನ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ನಮ್ಮಪ್ಪ ಹೋದದ್ದೂ ಕಿಡ್ನಿ ಕೈಕೊಟ್ಟೇ. ಡಯಾಲಿಸಿಸ್‌ಗೆ ಅವರನ್ನು ಕರೆದುಕೊಂಡು ಹೋಗುತ್ತಿದ್ದವನು ನಾನು. ಮುಂದಿನ ಸರದಿ ನನ್ನದೇ ಎಂದು ಹೆದರಿಬಿಟ್ಟೆ.

“ಇದು ನಮ್ಮ ವಂಶದ್ದು ಬಿಡ್ರಿ ಮೇಡಂ, ರಕ್ತದಾಗೇ ಐತೆ,” ಅಂದೆ.

“ನಿಮ್ಮಣ್ಣಂದೂ ಅದೇ ವಂಶ ಅಲ್ವೇನ್ರಿ? ನೀವೇನ್ ಕೆಲಸ ಮಾಡ್ತೀರಿ?”

ಅಣ್ಣ ಹೊಳಲ್ಕೆರೆ ಬಸ್ಸಿನ ಕಂಡಕ್ಟರ್. ನನ್ನದು ಹಿರಿಯೂರಿನ ಹೈವೇ ಪಕ್ಕ ಅಪ್ಪ ಬಿಟ್ಟುಹೋದ ಬ್ಯಾಟರಿ ರಿಪೇರಿ ಅಂಗಡಿ. ಹಳೆ ಲಾರಿ ಬ್ಯಾಟರಿ ಒಡೆದು, ಹಿಂದುಗಡೆ ಒಲೆಯ ಮೇಲೆ ಸೀಸ ಕರಗಿಸಿ, ಆ ಹೊಗೆಯಲ್ಲೇ ನಿಂತು, ಲುಂಗಿಗೆ ಒರೆಸಿಕೊಂಡ ಕೈಯಲ್ಲಿ ಮಂಡಕ್ಕಿ ತಿನ್ನುತ್ತಿದ್ದೆ. ಅಪ್ಪನೂ ಹಾಗೇ ತಿಂದವರು. ಕೈ ಕಪ್ಪಾಗದವನು ಮೆಕ್ಯಾನಿಕ್ಕೇ ಅಲ್ಲ ಎನ್ನುವ ಜಂಬ ಬೇರೆ.

ಡಾಕ್ಟರಮ್ಮ ನನ್ನ ಉಗುರು ನೋಡಿ, ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆಗೆ ಬರೆದರು. ಇರಬಾರದಷ್ಟು ಜಾಸ್ತಿ ಇತ್ತು.

“ಕಿಡ್ನಿ ಕೆಡೋ ಗುಣ ನಿಮ್ಮನೆಯೋರಿಗೆ ಹುಟ್ಟಿನಿಂದ ಬಂದಿರಬೋದು. ಅದನ್ನ ಯಾರೂ ಬದಲಾಯ್ಸಕ್ಕಾಗಲ್ಲ. ಸಕ್ಕರೆ ಜೊತೆ ಸೀಸಾನೂ ಸೇರಿದ್ರೆ ಅಂಥ ಕಿಡ್ನಿ ಬೇಗ ಸೋಲ್ತದೆ. ಹೊಗೆ ನಿಲ್ಸೋದು ಮಾತ್ರ ನಿಮ್ಮ ಕೈಯಾಗೈತೆ,” ಅಂದರು.

ಅಂಗಡಿಗೆ ಬಂದವನೇ ಒಲೆ ಕಿತ್ತು ಹಾಕಿದೆ. ಇನ್ನು ಹೊಸ ಬ್ಯಾಟರಿ ಮಾರುವುದು, ಚಾರ್ಜ್ ಹಾಕುವುದು, ಅಷ್ಟೇ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತಿಕ್ಕುವುದನ್ನು ಕಂಡು ಹಳೆಯ ಲಾರಿ ಡ್ರೈವರೊಬ್ಬ, “ಏನಪ್ಪ, ಹೆಣ್ಣು ನೋಡಕ್ಕೆ ಹೊಂಟೀಯೇನು?” ಎಂದು ಕಾಡಿಸಿದ. ನಕ್ಕರೆ ನಗಲಿ ಎಂದು ಇನ್ನೊಂದು ಸಲ ತೊಳೆದೆ. ಡಾಕ್ಟರಮ್ಮ ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಮೊದಲೆರಡು ಪರೀಕ್ಷೆಯಲ್ಲಿ ಏನೂ ಬದಲಾಗಿರಲಿಲ್ಲ. ಆಗ ನಿಜಕ್ಕೂ ಕುಸಿದೆ.

ಒಂದೂವರೆ ವರ್ಷದ ಮೇಲೆ ಬಂದ ರಿಪೋರ್ಟಿನಲ್ಲಿ ಸೀಸ ಇಳಿದಿತ್ತು, ಪ್ರೋಟೀನ್ ಸೋರುವುದು ನಿಂತಿತ್ತು. “ಕಿಡ್ನಿ ಚೆನ್ನಾಗೈತೆ. ಹಿಂಗೇ ನೋಡ್ಕಳ್ರಿ,” ಅಂದರು ಡಾಕ್ಟರಮ್ಮ. ಗೆದ್ದೆ ಅನ್ನಿಸಿತು. ಎದೆ ಉಬ್ಬಿಸಿಕೊಂಡೇ ಹೊರಗೆ ಬಂದೆ.

ಅಣ್ಣನಿಗೆ ಫೋನ್ ಮಾಡಿದೆ. ರಾಮಗಿರಿ ದಾಟಿದ ಬಸ್ಸಿನಲ್ಲಿದ್ದ. ಸುದ್ದಿ ಹೇಳಿದೆ. ಇಡೀ ಬಸ್ಸಿಗೆ ಕೇಳುವ ಹಾಗೆ ಅವನು ಕೂಗಿದ:

“ನನ್ನ ತಮ್ಮ ಉಳ್ಕಂಡ ಕಣ್ರಪ್ಪ. ಉಳ್ಕಂಡ.”